ತಾಯಿ ಮಗಳ ಎದೆಯ ಪರೀಕ್ಷೆ

ವೇದವತಿಗೆ ಡಾಕ್ಟರೆಂದರೆ ಗದರಿಸಿ ಹೇಳುವವರಿರಬೇಕು. ಇದನ್ನು ತಿನ್ನು, ಅದನ್ನು ಬಿಡು, ಹದಿನೈದು ದಿನ ಬಿಟ್ಟು ಬಾ ಎಂದು ಮುಖ ಎತ್ತದೆ ಚೀಟಿ ಬರೆದುಕೊಟ್ಟರೆ ಅವಳಿಗೆ ಸಮಾಧಾನ. ಡಾಕ್ಟರ್ ಸುಬ್ಬರಾಯರು ಅಂಥವರಲ್ಲ. ಅವರು ಹರ್ಷಿತಾಳ ರಕ್ತದ ವರದಿಯನ್ನು ತಾಯಿ, ತಂದೆ, ಮಗಳು ಮೂವರಿಗೂ ಕಾಣುವಂತೆ ಮೇಜಿನ ಮೇಲೆ ತಿರುಗಿಸಿಟ್ಟು, ನಿಧಾನವಾಗಿ ಬಿಡಿಸಿ ಹೇಳಿದರು. ವೇದವತಿಯ ತವರಿನ ಕಡೆಯಿಂದ ಹರಿದು ಬಂದ ದೋಷ ಹದಿನೈದು ವರ್ಷದ ಮಗಳಲ್ಲೂ ಇದೆ. ಅದರಿಂದ ಹೃದಯದ ಸ್ನಾಯು ಬರಬರುತ್ತ ದಪ್ಪಗಾಗಬಹುದು, ಆಗದೆಯೂ ಇರಬಹುದು. ಸದ್ಯ ಸ್ಕ್ಯಾನಿನಲ್ಲಿ ಹುಡುಗಿಯ ಹೃದಯ ಎಲ್ಲ ಮಕ್ಕಳ ಹೃದಯದಂತೆಯೇ ಇದೆ. ವರ್ಷಕ್ಕೊಮ್ಮೆ ನೋಡುತ್ತಿರಬೇಕು.

ಹರ್ಷಿತಾ ಕೇಳಿದ್ದು ಒಂದೇ ಮಾತು. ಅವಳು ಶಾಲೆಯ ಖೋ-ಖೋ ತಂಡದಲ್ಲಿದ್ದಳು. ಆಡಬಹುದೋ ಇಲ್ಲವೋ?

ಮೊದಲಾಗಿದ್ದರೆ ಬೇಡ ಎಂದುಬಿಡುತ್ತಿದ್ದೆವು, ಈಗ ಹಾಗೆ ಹೇಳುವುದಿಲ್ಲ ಎಂದರು ಡಾಕ್ಟರು. ಹೃದಯ ಹೀಗೇ ಇರುವ ತನಕ ಆಡಬಹುದು. ಅಪಾಯ ಬಹಳ ಕಡಿಮೆ. ಆದರೆ ಇಲ್ಲವೇ ಇಲ್ಲ ಎಂದು ಬರೆದುಕೊಡಲು ತಮ್ಮಿಂದಾಗದು. ಮನೆಗೆ ಹೋಗಿ ಮೂವರೂ ಕೂತು ಮಾತಾಡಿ ನಿರ್ಧರಿಸಿ ಎಂದರು.

ಈ ಕೊನೆಯ ಮಾತೇ ವೇದವತಿಗೆ ಹಿಡಿಸಲಿಲ್ಲ. ಇಷ್ಟೆಲ್ಲ ಓದಿದ ಡಾಕ್ಟರಿಗೇ ತೀರ್ಮಾನ ಮಾಡಲು ಆಗದಿದ್ದರೆ, ಮನೆಯಲ್ಲಿ ಕೂತು ಬ್ಲೌಸು ಹೊಲಿಯುವ ತಾನು ಏನು ತೀರ್ಮಾನ ಮಾಡಬೇಕು? ಆಟೋದಲ್ಲಿ ವಾಪಸು ಬರುವ ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ತಮ್ಮ ಮೋಹನ ಇದ್ದ.

ಹನ್ನೊಂದು ವರ್ಷದ ಹಿಂದೆ ಮೋಹನ ಬೀದರಿನ ಮೈದಾನವೊಂದರಲ್ಲಿ ವಾಲಿಬಾಲ್ ಆಡುತ್ತಿದ್ದಾಗಲೇ ಕುಸಿದು ಬಿದ್ದವನು ಮತ್ತೆ ಏಳಲಿಲ್ಲ. ಇಪ್ಪತ್ತನಾಲ್ಕು ವರ್ಷ. ಬಿಸಿಲು ಬಡಿಯಿತೆಂದರು, ಬೆಳಿಗ್ಗೆ ಏನೂ ತಿಂದಿರಲಿಲ್ಲವೆಂದರು, ಯಾರದೋ ಕಣ್ಣು ಬಿತ್ತೆಂದರು. ನಿಜವಾದ ಕಾರಣ ಗೊತ್ತಾದದ್ದು ಕಳೆದ ವರ್ಷ, ಚಿಕ್ಕಪ್ಪನ ಮಗಳು ಸಂಯುಕ್ತಾ, ವೇದವತಿ ಇರುವ ಊರಿನಲ್ಲೇ, ಗಚ್ಚಿಬೌಲಿಯ ತನ್ನ ಆಫೀಸಿನ ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಬಿದ್ದಾಗ. ಆಸ್ಪತ್ರೆಯವರು ಅವಳ ಭುಜದ ಕೆಳಗೆ ಚರ್ಮದೊಳಗೆ, ಬಡಿತ ತಪ್ಪಿದರೆ ಸರಿಪಡಿಸುವ ಒಂದು ಪುಟ್ಟ ಯಂತ್ರ ಕೂಡಿಸಿ, ರಕ್ತಸಂಬಂಧಿಗಳೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೇಳಿ ಕಳಿಸಿದರು. ವೇದವತಿ ರಕ್ತ ಕೊಟ್ಟಳು. ದೋಷ ಅವಳಲ್ಲಿತ್ತು. ಬೀದರಿನಲ್ಲಿ ಹಿರಿಯ ಮಗಳ ಮನೆಯಲ್ಲಿರುವ ತಂದೆ ಚನ್ನಬಸಪ್ಪನವರಲ್ಲೂ ಇತ್ತು. ಎಪ್ಪತ್ತಾರರ ಚನ್ನಬಸಪ್ಪನವರು ಇವತ್ತಿಗೂ ಸೈಕಲ್ ತುಳಿದುಕೊಂಡು ತರಕಾರಿ ತರುವವರು. ಅದೇ ದೋಷ ತಂದೆಯನ್ನು ಮುಟ್ಟದೆ ಬಿಟ್ಟು ಮಗನನ್ನು ಒಯ್ದಿತ್ತು. ಮೊಮ್ಮಗಳು ಯಾರ ಹಾಗೆ ಎಂದು ಯಾವ ವರದಿಯಲ್ಲೂ ಬರೆದಿರಲಿಲ್ಲ.

ಮೂವರೂ ಕೂತು ಮಾತಾಡುವುದೇನೂ ನಡೆಯಲಿಲ್ಲ. ವೇದವತಿಯೇ ಹೇಳಿದಳು, ಉಳಿದಿಬ್ಬರು ಕೇಳಿದರು. ಖೋ-ಖೋ ಬಂದ್. ಕ್ವಾರ್ಟರ್ಸಿನ ಮೂರನೆಯ ಮಹಡಿಗೆ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಹತ್ತಬೇಕು. ಪುಸ್ತಕದ ಚೀಲ ಅಪ್ಪ ಹೊರಬೇಕು. ಶಾಲೆ ಮುಟ್ಟಿದ ಕೂಡಲೇ ಮಗಳು ಅಲ್ಲಿಯ ಆಫೀಸಿನಿಂದ ಫೋನು ಮಾಡಬೇಕು. ತೆಲುಗಿನವರು ಹೂ ಜೋಡಿಸಿ ಪೂಜಿಸುವ ಬತುಕಮ್ಮ ಹಬ್ಬಕ್ಕೆ ಓರಗೆಯ ಹುಡುಗಿಯರೆಲ್ಲ ಸುತ್ತುಗಟ್ಟಿ ಚಪ್ಪಾಳೆ ತಟ್ಟುತ್ತ ಆಡಿದರೆ, ಹರ್ಷಿತಾ ಹೂವಿನ ತಟ್ಟೆ ಕಾಯುತ್ತ ಕುರ್ಚಿಯ ಮೇಲೆ ಕೂತಳು.

ಗಂಡ ಚಂದ್ರಕಾಂತ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಯಂತ್ರಗಳ ತಪಾಸಣೆ ಮಾಡುವವನು. ಇಷ್ಟು ಬಿಗಿ ಬೇಡವೆಂದು ಒಂದೆರಡು ಸಲ ಹೇಳಿ ನೋಡಿದ. ಮೋಹನನಿಗೆ ಗೊತ್ತಿರಲಿಲ್ಲ, ನಮಗೆ ಗೊತ್ತಿದೆ, ಅಷ್ಟರಮಟ್ಟಿಗೆ ನಾವು ಮುಂದಿದ್ದೇವೆ ಎಂಬುದು ಅವನ ಲೆಕ್ಕಾಚಾರ. ಗೊತ್ತಿದ್ದೂ ಕಳಿಸಿದೆವು ಎಂದು ನಾಳೆ ಯಾರ ಮುಂದೆ ಅಳಲಿ ಎಂದು ವೇದವತಿ ಕೇಳಿದಳು. ಅವನು ಮರುದಿನವೂ ಮಗಳ ಚೀಲ ಹೊತ್ತು ಮೆಟ್ಟಿಲು ಇಳಿದ.

ಹರ್ಷಿತಾ ಜಗಳ ಆಡಲಿಲ್ಲ. ವೇದವತಿಗೆ ಅದು ಆಶ್ಚರ್ಯವೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಭಾನುವಾರದ ಮುಂಜಾನೆ ಗೆಳತಿ ಕೃಪಾಳ ಮನೆಯಲ್ಲಿ ಗಣಿತ ಓದುತ್ತೇವೆ ಎಂದು ಮಗಳು ಹೇಳಿದಾಗ, ಹುಡುಗಿ ದಾರಿಗೆ ಬಂದಳು ಎಂದುಕೊಂಡು ಡಬ್ಬಿಗೆ ಅವಲಕ್ಕಿ ಹಾಕಿಕೊಟ್ಟಳು.

ಡಿಸೆಂಬರಿನ ಒಂದು ಶುಕ್ರವಾರ ವೇದವತಿ ಲೈನಿಂಗ್ ಬಟ್ಟೆ ತರಲು ಸುಲ್ತಾನ್ ಬಜಾರಿಗೆ ಹೋಗಿದ್ದಳು. ಅಂಗಡಿಯಲ್ಲಿ ಕೃಪಾಳ ತಾಯಿ ಗುಣವತಿ ಸಿಕ್ಕಳು. ಆಕೆ ರಾಯಚೂರಿನವಳು, ಬಾಯಿ ತುಂಬ ಮಾತಾಡುವವಳು. ಮಕ್ಕಳ ಓದು, ನೀರಿನ ತೊಂದರೆ ಎಲ್ಲ ಮುಗಿದ ಮೇಲೆ, “ನಿಮ್ಮ ಹರ್ಷಿತಾ ಏನ್ ಓಡ್ತಾಳ್ರಿ. ಹ್ವಾದ ಐತವಾರ ಮೂರು ಮಿನಿಟು ಯಾರ ಕೈಗೂ ಸಿಗಲಿಲ್ಲಂತ. ನಮ್ಮ ಕೃಪಾ ಮನಿಗೆ ಬಂದು ಅದನ್ನೇ ಹೇಳಾಕತ್ತಿದ್ಲು,” ಎಂದಳು.

ವೇದವತಿ ಹೌದೇನ್ರಿ ಎಂದು ನಕ್ಕಳು. ಯಾವ ಮೈದಾನ ಎಂಬುದನ್ನೂ ಹೇಗೋ ಮಾತಿನ ನಡುವೆ ತಿಳಿದುಕೊಂಡಳು. ತೆಗೆಸಿಟ್ಟ ಬಟ್ಟೆಯನ್ನು ಅಂಗಡಿಯಲ್ಲೇ ಬಿಟ್ಟು ಬಂದದ್ದು ಅವಳಿಗೆ ನೆನಪಾದದ್ದು ಮನೆ ಮುಟ್ಟಿದ ಮೇಲೆ.

ಗಂಡನಿಗೂ ಹೇಳದೆ ಎರಡು ದಿನ ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡಳು. ಭಾನುವಾರ ಮಗಳು ಹೊರಟ ಅರ್ಧ ಗಂಟೆಗೆ ತಾನೂ ಚಪ್ಪಲಿ ಮೆಟ್ಟಿದಳು. ಸಂತೋಷನಗರದ ಹಿಂಬದಿಯ ಬಯಲಿನಲ್ಲಿ ಇಪ್ಪತ್ತು ಮಂದಿ ಹುಡುಗಿಯರು ಸುಣ್ಣದ ಗೆರೆ ಎಳೆದುಕೊಂಡು ಆಡುತ್ತಿದ್ದರು. ವೇದವತಿ ಮುರಿದ ಗೋಡೆಯ ಈಚೆ ನಿಂತಳು. ಕೂಗಬೇಕೆಂದೇ ಬಂದವಳು. ಅಷ್ಟರಲ್ಲಿ ಹರ್ಷಿತಾ ಸಾಲಿನಲ್ಲಿ ಕೂತವರ ನಡುವೆ ನೂಲು ಪೋಣಿಸಿದ ಹಾಗೆ ಒಳಗೆ ಹೊರಗೆ ಹಾಯುತ್ತ ಬಂದಳು. ಹಿಂದೆ ಬಿದ್ದವಳ ಬೆರಳು ಇನ್ನೇನು ತಗಲಬೇಕು, ಅಷ್ಟರಲ್ಲಿ ನಡು ಬಳುಕಿಸಿ ಆಚೆಗೆ ಹಾರಿದಳು. ಮಗಳು ಹೀಗೆ ಓಡುವುದನ್ನು ವೇದವತಿ ಯಾವತ್ತೂ ನೋಡಿಯೇ ಇರಲಿಲ್ಲ. ಶಾಲೆಯ ಪಂದ್ಯಗಳಿಗೆ ಹೋಗಲು ಅವಳಿಗೆ ಪುರಸೊತ್ತು ಸಿಕ್ಕಿರಲಿಲ್ಲ. ಒಂದು ಗಳಿಗೆ ಅವಳ ಮುಖ ತಾನಾಗಿಯೇ ಅರಳಿತು.

ಆಮೇಲೆ ಇನ್ನೊಂದು ವಿಚಾರ ಬಂತು. ಇಲ್ಲಿ ಇವಳ ವಿಷಯ ಯಾರಿಗೂ ಗೊತ್ತಿಲ್ಲ. ಸಾರ್ ಇಲ್ಲ, ದೊಡ್ಡವರೆನ್ನುವವರು ಒಬ್ಬರೂ ಇಲ್ಲ. ಬಿದ್ದರೆ ಇವರು ಮುಖಕ್ಕೆ ನೀರು ಚಿಮುಕಿಸಿ ಗಾಳಿ ಬೀಸುತ್ತಾರೆ. ಮೋಹನನಿಗೂ ಅದನ್ನೇ ಮಾಡಿದ್ದರು. ಶಾಲೆಯಲ್ಲಿ ಆಟ ಕಲಿಸುವ ಅಂಬಣ್ಣ ಸಾರ್ ಕಣ್ಣೆದುರಿಗೆ ಆಡುತ್ತಿದ್ದವಳನ್ನು ಬಿಡಿಸಿ ಇಲ್ಲಿಗೆ ಕಳಿಸಿದ್ದು ತಾನೇ.

ಆಟ ಮುಗಿಯುವ ತನಕ ನಿಂತೇ ಇದ್ದಳು. ಹೊರಗೆ ಬಂದ ಹರ್ಷಿತಾ ತಾಯಿಯನ್ನು ಕಂಡು, ಬೆವರು ಒರೆಸುತ್ತಿದ್ದ ಕೈಯನ್ನು ಹಾಗೇ ಹಣೆಯ ಮೇಲೆ ಇಟ್ಟುಕೊಂಡು ನಿಂತಳು. ಇಬ್ಬರೂ ಮನೆಗೆ ನಡೆದರು. ಮೂರು ಮಹಡಿಯ ಮೆಟ್ಟಿಲನ್ನು ಎಲ್ಲಿಯೂ ನಿಲ್ಲದೆ ಹತ್ತಿದರು.

ಚಂದ್ರಕಾಂತ ಕಡಲೆಕಾಯಿ ಸುಲಿಯುತ್ತ ಕೂತಿದ್ದ. ವೇದವತಿ ಅವನಿಗೆ ಎಲ್ಲ ಹೇಳಿ ಮಗಳ ಕಡೆ ತಿರುಗಿದಳು.

“ಎಷ್ಟು ದಿನದಿಂದ?”

“ಏಳು ವಾರ ಆತು.”

“ಸುಳ್ಳು ಹೇಳಿ ಹೊಂಟಿದ್ದಿ.”

“ಹೌದು, ಹೇಳೀನಿ. ನೀ ಹೇಳಿಲ್ಲೇನು?”

ಹರ್ಷಿತಾ ಒಳಗೆ ಹೋಗಿ ಹೊಲಿಗೆ ಯಂತ್ರದ ಡ್ರಾಯರಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತಂದು ಅಪ್ಪನ ಮುಂದಿಟ್ಟಳು. ಪಿನ್ನು ಹುಡುಕುವಾಗ ಸಿಕ್ಕಿದ್ದಂತೆ. ಅದು ಸುಬ್ಬರಾಯರು ವೇದವತಿಗೆ ಬರೆದುಕೊಟ್ಟ ಚೀಟಿ. ರಕ್ತದಲ್ಲಿ ದೋಷ ಕಂಡಿದೆ, ಕೂಡಲೇ ಹೃದಯದ ಸ್ಕ್ಯಾನ್ ಮಾಡಿಸಿಕೊಳ್ಳಬೇಕು ಎಂದಿತ್ತು. ತಾರೀಖು ಎಂಟು ತಿಂಗಳ ಹಿಂದಿನದು, ಸ್ಕ್ಯಾನ್ ಆದದ್ದಕ್ಕೆ ಆಸ್ಪತ್ರೆಯ ಮುದ್ರೆ ಎಲ್ಲೂ ಇರಲಿಲ್ಲ. ಹೋಗಿ ಬಂದೆ, ಎಲ್ಲ ಚೆನ್ನಾಗಿದೆ ಎಂದು ವೇದವತಿ ಮನೆಯಲ್ಲಿ ಹೇಳಿದ್ದಳು. ಆ ದಿನ ಅವಳು ಆಸ್ಪತ್ರೆಯ ಗೇಟಿನ ತನಕ ಹೋಗಿ, ಅಲ್ಲಿಂದ ಅಬಿಡ್ಸಿಗೆ ಬಸ್ಸು ಹತ್ತಿ, ಅಂಗಡಿಗಳ ಮುಂದೆ ಎರಡು ತಾಸು ಸುತ್ತಾಡಿ ವಾಪಸು ಬಂದಿದ್ದಳು.

“ವೇದಾ, ಖರೇ ಏನಿದು?” ಎಂದ ಚಂದ್ರಕಾಂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ವೇದವತಿ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

“ನಂದು ಬಿಡ್ರಿ. ನೋಡಿದ್ರ ಇದ್ದೇ ಇರ್ತೈತಿ. ನೋಡದಿದ್ರ ಇಲ್ಲಂತ ಅನ್ಕೋಬಹುದು. ನನಗ ಹೆದರಿಕಿ ಆತು, ಬಂದೆ.”

ಹರ್ಷಿತಾ ತಾಯಿಯ ಎದುರಿಗೆ ಬಂದು ಕೂತಳು. ಇಷ್ಟು ಹೊತ್ತು ಗಟ್ಟಿಯಾಗಿದ್ದ ಅವಳ ಮುಖ ಈಗ ಚಿಕ್ಕ ಮಗುವಿನದಾಗಿತ್ತು.

“ನನಗೂ ಹೆದರಿಕಿ ಆಗ್ತೈತಿ ಅವ್ವಾ. ಓಡೂ ಮುಂದ ಎದಿ ಢವಢವ ಅಂತೈತಿ. ಅದು ಆಟದ್ದೋ, ಮೋಹನಮಾಮಾಗ ಆದದ್ದೋ ನನಗೇನ್ ಗೊತ್ತು? ಎರಡ ಸಲ ಅರ್ಧಕ್ಕ ಬಿಟ್ಟು ಕುಂತೀನಿ. ಯಾರನ್ನ ಕೇಳ್ಲಿ? ನಿನ್ನ ಕೇಳಿದ್ರ ಮೆಟ್ಟಲ ಹತ್ತೂದೂ ಬಿಡಸ್ತಿ.”

ವೇದವತಿಗೆ ಅಲ್ಲಿಯ ತನಕ ಇದು ಹೊಳೆದೇ ಇರಲಿಲ್ಲ. ತಾನೊಬ್ಬಳೇ ಹೆದರಿದ್ದೇನೆ, ಮಗಳಿಗೆ ಏನೂ ಅನಿಸುವುದಿಲ್ಲ, ಅವಳ ಪಾಲಿನದನ್ನೂ ತಾನೇ ಹೆದರಬೇಕು ಎಂದುಕೊಂಡಿದ್ದಳು. ಹುಡುಗಿಯ ಬೆವರಿದ ತಲೆಯನ್ನು ತೊಡೆಗೆ ಎಳೆದುಕೊಂಡಳು. ಚಂದ್ರಕಾಂತ ಸುಲಿದ ಕಡಲೆಕಾಯಿಯ ತಟ್ಟೆಯನ್ನು ಇಬ್ಬರ ನಡುವೆ ತಂದಿಟ್ಟು, ಆಚೆ ಹೋಗಿ ಸಂಯುಕ್ತಾಳಿಗೆ ಫೋನು ಹಚ್ಚಿದ.

ಸಂಯುಕ್ತಾ ಮಧ್ಯಾಹ್ನವೇ ಬಂದಳು. ಅವಳು ಹರ್ಷಿತಾಳ ಜೊತೆ ಬಾಲ್ಕನಿಯಲ್ಲಿ ಕೂತು ತನಗೆ ಅವತ್ತು ಏನೇನಾಯಿತೆಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಓಡಿದಾಗ ಬಡಿತ ಏರುತ್ತದೆ, ನಿಂತರೆ ಇಳಿಯುತ್ತದೆ, ಅದಕ್ಕೆ ಅಂಜಬೇಕಿಲ್ಲ. ಕೂತ ಮೇಲೂ ಇಳಿಯದೆ ಎದೆಯಲ್ಲಿ ಹಕ್ಕಿ ರೆಕ್ಕೆ ಬಡಿದ ಹಾಗಾದರೆ, ಕಣ್ಣು ಕತ್ತಲಾದರೆ, ಎದೆ ಹಿಂಡಿದರೆ ಆ ಕ್ಷಣಕ್ಕೆ ಬಿಟ್ಟು ಹೇಳಬೇಕು. ಹರ್ಷಿತಾ ಕೇಳಿದ ಪ್ರಶ್ನೆಗಳು ಒಂದೆರಡಲ್ಲ. ಅಡುಗೆಮನೆಯಲ್ಲಿ ಪಲ್ಯ ಕೈಯಾಡಿಸುತ್ತಿದ್ದ ವೇದವತಿ ಒಲೆ ಸಣ್ಣ ಮಾಡಿ ಎಲ್ಲವನ್ನೂ ಕೇಳಿಸಿಕೊಂಡಳು.

ಮುಂದಿನ ಗುರುವಾರ ತಾಯಿ ಮಗಳಿಬ್ಬರೂ ಸುಬ್ಬರಾಯರ ಬಳಿಗೆ ಹೋದರು. ಮೊದಲು ತಾಯಿಯ ಸ್ಕ್ಯಾನ್. ವೇದವತಿ ಎಡಕ್ಕೆ ಹೊರಳಿ ಮಲಗಿದಳು. ಎದೆಗೆ ಹಚ್ಚಿದ ಲೋಳೆ ತಣ್ಣಗಿತ್ತು. ಅವಳ ಬಳೆಗಳನ್ನು ಹಿಡಿದುಕೊಂಡು ಪಕ್ಕದಲ್ಲಿ ನಿಂತ ಹರ್ಷಿತಾ ಪರದೆಯನ್ನು ನೋಡುತ್ತ, ಬಾಗಿಲು ತೆಗೆದು ಮುಚ್ಚಿದ ಹಾಗೆ ಕಾಣುತ್ತದೆ ಅವ್ವಾ ಎಂದು ವರದಿ ಒಪ್ಪಿಸಿದಳು. ಒಂದು ಕಡೆ ಗೋಡೆ ಸ್ವಲ್ಪ ದಪ್ಪಗಾಗಿತ್ತು. ದಿನಕ್ಕೊಂದು ಗುಳಿಗೆ, ತೀರಾ ಭಾರ ಎತ್ತಬಾರದು, ಉಳಿದಂತೆ ಮೊದಲಿನ ಹಾಗೇ ಇರಬಹುದು ಎಂದರು ಸುಬ್ಬರಾಯರು. ಎಂಟು ತಿಂಗಳು ಅವಳು ಹೆದರಿದ್ದು ಇಷ್ಟಕ್ಕೆ. ವೇದವತಿ ಸೆರಗು ಸರಿಮಾಡಿಕೊಂಡು ಎದ್ದಾಗ ಅವಳಿಗೆ ಹಸಿವಾಗಿತ್ತು.

ಆಮೇಲೆ ಹರ್ಷಿತಾಳನ್ನು ಮೈತುಂಬ ತಂತಿ ಅಂಟಿಸಿ ಓಡುವ ಪಟ್ಟಿಯ ಮೇಲೆ ಹತ್ತಿಸಿದರು. ಪಟ್ಟಿಯ ವೇಗ ಏರಿತು, ಇಳಿಜಾರೂ ಏರಿತು. ಹನ್ನೆರಡು ನಿಮಿಷ ಓಡಿದಳು. ವೇದವತಿ ಮಗಳನ್ನು ಬಿಟ್ಟು ಪರದೆಯ ಮೇಲಿನ ಗೆರೆಯನ್ನೇ ನೋಡಿದಳು. ಅದು ತಾನು ಹಾಕುವ ಹೊಲಿಗೆಯಂತೆ ಒಂದೇ ಸಮ ಹೋಗುತ್ತಿತ್ತು. ಎಲ್ಲಿಯೂ ದಾರ ತಪ್ಪಲಿಲ್ಲ.

ಎಲ್ಲ ಮುಗಿದ ಮೇಲೆ ಅವಳು ಡಾಕ್ಟರನ್ನು ಕೇಳಿದಳು: “ನಿಮ್ಮ ಮಗಳಿದ್ರ ಏನ್ ಮಾಡ್ತಿದ್ರಿ ಸಾರ್?”

ಸುಬ್ಬರಾಯರು ಯಾದಗಿರಿಯ ಕಡೆಯವರು. ಇಷ್ಟು ದಿನ ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಿದ್ದವರು ಈಗ ಮನೆಯ ಮಾತಿಗೆ ಇಳಿದರು.

“ನಾನೂ ನಿಮ್ಮಂಗ ನಾಕ ದಿನ ನಿದ್ದಿ ಕೆಡಸ್ಕೋತಿದ್ದೆ ತಂಗೆವ್ವ. ಆಮ್ಯಾಲ ಆಡಾಕ ಕಳಸ್ತಿದ್ದೆ. ಮೈದಾನದಾಗ ಇರೋರಿಗೆಲ್ಲಾ ಹೇಳಿ ಕಳಸ್ತಿದ್ದೆ. ಕದ್ದು ಆಡೋದು ಐತಲ್ಲ, ಅದಕ್ಕ ಮಾತ್ರ ನಾ ಅಂಜತೀನಿ.”

ಆ ಸಂಜೆ ಮೂವರೂ ನಿಜವಾಗಿ ಕೂತು ಮಾತಾಡಿದರು. ವೇದವತಿಯ ಕಡೆಯಿಂದ ಹದಿನಾಲ್ಕು ಷರತ್ತು ಹೊರಟವು. ಹರ್ಷಿತಾ ಒಂದೊಂದಕ್ಕೂ ವಾದ ಹೂಡಿದಳು. ಪ್ರತಿ ಅಭ್ಯಾಸಕ್ಕೂ ತಾನು ಬಂದು ಕೂರುವೆನೆಂದಳು ತಾಯಿ. ಪಂದ್ಯಕ್ಕೆ ಮಾತ್ರ ಬಾ, ಅದೂ ಗೆರೆಯೊಳಗೆ ಗ್ಲೂಕೋಸ್ ಬಾಟಲಿ ತರಬಾರದು ಎಂದಳು ಮಗಳು. ಕೊನೆಗೆ ಉಳಿದವು ಕೆಲವೇ: ಜ್ವರವಿದ್ದಾಗ ಆಡುವಂತಿಲ್ಲ, ಗೊತ್ತಿದ್ದವರಿಲ್ಲದ ಕಡೆ ಆಡುವಂತಿಲ್ಲ, ಮೈಯಲ್ಲಿ ಏನೇ ಬೇರೆ ಅನಿಸಿದರೂ ಆಟ ಬಿಟ್ಟು ಹೇಳಬೇಕು. ಹೇಳಿದ್ದಕ್ಕೆ ಯಾರೂ ಬೈಯುವಂತಿಲ್ಲ ಎಂಬುದನ್ನು ಹರ್ಷಿತಾ ತಾನೇ ಸೇರಿಸಿದಳು. ತಾಯಿ ಗುಳಿಗೆ ತಪ್ಪಿಸುವಂತಿಲ್ಲ ಎಂಬುದನ್ನು ಚಂದ್ರಕಾಂತ ಸೇರಿಸಿದ.

ಶಾಲೆಯಲ್ಲಿ ಅಂಬಣ್ಣ ಸಾರ್ ವಿಷಯ ಕೇಳಿ ಬಿಳಿಚಿಕೊಂಡರು. ಇಂಥ ಹೊಣೆ ತಮಗೆ ಬೇಡವೆಂದು ಕೈಮುಗಿದರು. ವೇದವತಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ನಿನ್ನೆ ಮೊನ್ನೆಯ ತನಕ ತಾನೂ ಹಾಗೇ ಇದ್ದವಳು. ಸುಬ್ಬರಾಯರ ಪತ್ರ ಕೊಟ್ಟಳು. ಡಾಕ್ಟರೇ ಒಬ್ಬ ನರ್ಸಮ್ಮನನ್ನು ಒಂದು ಶನಿವಾರ ಶಾಲೆಗೆ ಕಳಿಸಿಕೊಟ್ಟರು. ಎಚ್ಚರ ತಪ್ಪಿ ಉಸಿರು ನಿಂತವರ ಎದೆ ಒತ್ತುವುದು ಹೇಗೆಂದು ಆಕೆ ಒಂದು ರಬ್ಬರಿನ ಬೊಂಬೆಯನ್ನು ನೆಲದ ಮೇಲೆ ಮಲಗಿಸಿ ತೆಲುಗಿನಲ್ಲಿ ಹೇಳಿಕೊಟ್ಟಳು. ಒಂಬತ್ತು ಮಂದಿ ತಾಯಂದಿರು, ಅಂಬಣ್ಣ, ಹಿರಿಯ ವಿದ್ಯಾರ್ಥಿಗಳೆಲ್ಲ ಸರದಿಯಲ್ಲಿ ಒತ್ತಿದರು. ಎಲ್ಲರಿಗಿಂತ ಸರಿಯಾಗಿ, ಲಯ ತಪ್ಪದೆ ಒತ್ತಿದವಳು ವೇದವತಿ. ಬೊಂಬೆಯ ಮೇಲೆ ಬಗ್ಗಿದಾಗ ಮೋಹನನ ಮುಖ ಬಂತು, ಆದರೂ ಕೈ ನಿಲ್ಲಿಸಲಿಲ್ಲ. ನಿಂತ ಹೃದಯಕ್ಕೆ ಕರೆಂಟಿನ ಪೆಟ್ಟು ಕೊಟ್ಟು ಎಬ್ಬಿಸುವ ಯಂತ್ರವೊಂದನ್ನು ಸಂಯುಕ್ತಾಳ ಆಫೀಸಿನವರು ಶಾಲೆಗೆ ಕೊಟ್ಟರು. ಚಂದ್ರಕಾಂತ ಅದನ್ನು ಆಟದ ಕೋಣೆಯ ಗೋಡೆಗೆ ಜೋಡಿಸಿ, ಪಂದ್ಯಕ್ಕೆ ಹೋಗುವಾಗ ಬಿಚ್ಚಿ ಒಯ್ಯಲು ಸುಲಭವಾಗುವ ಹಾಗೆ ಕೊಂಡಿ ಮಾಡಿಕೊಟ್ಟ. ಅಂಬಣ್ಣ ಸಾರ್ ಹರ್ಷಿತಾಳ ಹೆಸರನ್ನು ಮತ್ತೆ ಪಟ್ಟಿಗೆ ಬರೆದರು.

ಫೆಬ್ರವರಿಯಲ್ಲಿ ಗಚ್ಚಿಬೌಲಿಯ ಒಂದು ಶಾಲೆಯಲ್ಲಿ ಪಂದ್ಯಗಳು ನಡೆದವು. ಎರಡನೆಯ ಸುತ್ತು. ಹರ್ಷಿತಾ ಒಂದೂವರೆ ನಿಮಿಷ ಸಿಕ್ಕದೆ ಓಡಿದಳು. ಅವಳ ತಂಡಕ್ಕೆ ಇನ್ನು ಅರ್ಧ ನಿಮಿಷ ಉಳಿಸಿಕೊಂಡರೆ ಸಾಕಿತ್ತು. ಆಗ ಅವಳು ಇದ್ದಕ್ಕಿದ್ದಂತೆ ಕೈ ಎತ್ತಿ, ಗೆರೆ ದಾಟಿ ಹೊರಗೆ ಬಂದು ಕೂತುಬಿಟ್ಟಳು. ನೋಡುತ್ತಿದ್ದವರು ಗುಜುಗುಜು ಎಂದರು. ಅಂಬಣ್ಣ ಯಂತ್ರದ ಪೆಟ್ಟಿಗೆ ಎತ್ತಿಕೊಂಡು ಓಡಿದರು. ವೇದವತಿ ಓಡಲಿಲ್ಲ. ನಡೆದುಕೊಂಡೇ ಹೋಗಿ ಮಗಳ ಪಕ್ಕ ಕೂತು ಮಣಿಕಟ್ಟು ಹಿಡಿದಳು.

“ಏನಾತವ್ವಾ?”

“ಎದಿ ಏನಿಲ್ಲ. ಕಣ್ಣ ಮುಂದ ಕಪ್ಪ ಬಂತು. ಹೇಳಬೇಕಂತ ಐತಲ್ಲ, ಬಂದೆ.”

ಬಡಿತ ಇಳಿಯುತ್ತ ಇಳಿಯುತ್ತ ಸಾವಕಾಶವಾಯಿತು. ಮುಂಜಾನೆ ಏನು ತಿಂದೆ ಎಂದು ಕೇಳಿದರೆ, ಗಡಿಬಿಡಿಯಲ್ಲಿ ಏನೂ ತಿಂದಿಲ್ಲವೆಂದಳು. ತಂಡ ಒಂದೇ ಒಂದು ಅಂಕದಿಂದ ಸೋತಿತು. ಕೃಪಾ ಮುಖ ಊದಿಸಿಕೊಂಡು ಬಂದವಳು, ಗೆಳತಿಯ ಬಣ್ಣ ನೋಡಿ ತನ್ನ ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲೇ ಕೂತಳು.

ಮರುದಿನ ಸುಬ್ಬರಾಯರು ಹುಡುಗಿಯ ಎದೆಗೆ ಪುಟ್ಟ ಯಂತ್ರವೊಂದನ್ನು ಅಂಟಿಸಿ ಎರಡು ದಿನ ಹಾಗೇ ಇರಿಸಿದರು. ಅದರಲ್ಲಿ ದಾಖಲಾದ ಎರಡು ದಿನದ ಬಡಿತದಲ್ಲಿ ಒಂದೂ ತಪ್ಪಿರಲಿಲ್ಲ. ಹೊಟ್ಟೆ ಖಾಲಿ ಇಟ್ಟುಕೊಂಡು ಬಿಸಿಲಲ್ಲಿ ಓಡಿದರೆ ಯಾರಿಗಾದರೂ ಹಾಗಾಗುತ್ತದೆ ಎಂದರು. ಆಮೇಲೆ ವೇದವತಿಯ ಕಡೆ ನೋಡಿ, ನೀವೇ ಹೇಳಿ ಎಂಬಂತೆ ವರದಿಯನ್ನು ಅವಳ ಮುಂದೆ ತಿರುಗಿಸಿಟ್ಟರು. ಚಂದ್ರಕಾಂತನೂ ಹರ್ಷಿತಾಳೂ ಅವಳನ್ನೇ ನೋಡಿದರು.

ವೇದವತಿ ಬಹಳ ಹೊತ್ತೇನೂ ತೆಗೆದುಕೊಳ್ಳಲಿಲ್ಲ. ಅಪಾಯ ಹೋಯಿತೆಂದು ಅವಳಿಗೆ ಅನಿಸಿರಲಿಲ್ಲ, ಹೋಗುವಂಥದ್ದೂ ಅದಲ್ಲ. ಆದರೆ ಗೆಲ್ಲುವ ಆಟವನ್ನು ಅರ್ಧಕ್ಕೆ ಬಿಟ್ಟು, ತನಗೆ ಹೀಗಾಯಿತೆಂದು ಬಾಯಿಬಿಟ್ಟು ಹೇಳುವ ಮಗಳು ತನ್ನೆದುರಿಗೆ ಕೂತಿದ್ದಳು. ಅಷ್ಟು ಮಾಡಬಲ್ಲವಳನ್ನು ಕಟ್ಟಿಹಾಕಿ ಕಾಯುವ ಅಗತ್ಯವೇನಿದೆ?

“ನಾಳಿಂದ ಎರಡ ರೊಟ್ಟಿ ತಿನ್ನದ ಹೊರಗ ಕಾಲಿಡಂಗಿಲ್ಲ. ಅಷ್ಟ,” ಎಂದಳು.

ಸೋಮವಾರ ಬೆಳಿಗ್ಗೆ ಹರ್ಷಿತಾ ಒಂದು ಕೈಯಿಂದ ಶೂ ಏರಿಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಹಿಡಿದುಕೊಂಡಿದ್ದಳು. ಎರಡನೆಯದನ್ನು ದಾರಿಯಲ್ಲಿ ತಿನ್ನುತ್ತೇನೆಂದು ಚೌಕಾಸಿ ಮಾಡಿದಳು. ವೇದವತಿ ಒಪ್ಪಲಿಲ್ಲ. ಕೂತು ತಿಂದು, ನೀರು ಕುಡಿದು, ಮೆಟ್ಟಿಲನ್ನು ದಡದಡ ಇಳಿದು ಹೋದಳು ಹುಡುಗಿ. ವೇದವತಿ ತನ್ನ ಗುಳಿಗೆ ನುಂಗಿ, ಒಲೆಯ ಮೇಲಿದ್ದ ಕೊನೆಯ ರೊಟ್ಟಿಯನ್ನು ಗಂಡನ ತಟ್ಟೆಗೆ ಅರ್ಧ ಮುರಿದು ಹಾಕಿ, ಉಳಿದರ್ಧವನ್ನು ತಾನು ಎತ್ತಿಕೊಂಡು ಅವನ ಪಕ್ಕದಲ್ಲಿ ಕೂತಳು.